ಎಷ್ಟು ಕಡೆ ಇಟ್ಟಿದ್ದೀರಿ?

2025ರ ಸೆಪ್ಟೆಂಬರ್ 26ರ ರಾತ್ರಿ ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸ ನಡೆದಿದ್ದಾಗ ಬೆಂಕಿ ಹೊತ್ತಿಕೊಂಡಿತು. ಸುಟ್ಟುಹೋದ ವ್ಯವಸ್ಥೆಗಳಲ್ಲಿ ಸರ್ಕಾರಿ ನೌಕರರು ತಮ್ಮ ಕಚೇರಿಯ ಕಡತಗಳನ್ನು ಇಡುತ್ತಿದ್ದ ‘ಜಿ-ಡ್ರೈವ್’ ಕೂಡ ಒಂದು. ಕಡತಗಳನ್ನು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಡಿ, ಇಲ್ಲೇ ಇಡಿ ಎಂದು ಅವರಿಗೆ ಸೂಚನೆಯೂ ಇತ್ತು. ಹಾಗೆ ಸೇರಿದ್ದ 858 ಟಿಬಿ ಮಾಹಿತಿ ಒಂದೇ ರಾತ್ರಿಯಲ್ಲಿ ಇಲ್ಲವಾಯಿತು. ಬೇರೆ ಊರಿನಲ್ಲಿ ಅದರ ಇನ್ನೊಂದು ಪ್ರತಿ ಇರಲಿಲ್ಲ. ಗಾತ್ರ ತೀರಾ ದೊಡ್ಡದಾದ್ದರಿಂದ ಹೊರಗಡೆ ಬ್ಯಾಕಪ್ ಇಡಲು ಆಗಿರಲಿಲ್ಲ ಎಂಬುದು ಅಧಿಕಾರಿಗಳು ಕೊಟ್ಟ ಕಾರಣ. ತಂತ್ರಜ್ಞಾನದಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ, ಮೆಮೊರಿ ಚಿಪ್‌ಗಳನ್ನು ತಯಾರಿಸಿ ಬೇರೆ ದೇಶಗಳಿಗೆಲ್ಲ ಮಾರುವ ನಾಡಿನ ಸರ್ಕಾರಕ್ಕೆ ಹೀಗಾಯಿತು. ಅಲ್ಲಿ ಒಳ್ಳೆಯ ಡಿಸ್ಕುಗಳಿಗೇನೂ ಕೊರತೆ ಇದ್ದಿರಲಾರದು.

ಮನೆಯ ಫೋಟೊಗಳು, ಮಕ್ಕಳ ವಿಡಿಯೊಗಳು, ಜಮೀನಿನ ಕಾಗದಪತ್ರಗಳ ಸ್ಕ್ಯಾನ್, ಬರೆದಿಟ್ಟ ಹಸ್ತಪ್ರತಿ, ಅಂಗಡಿಯ ಲೆಕ್ಕ ಇವನ್ನೆಲ್ಲ ಜೋಪಾನ ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಯಾವುದು ಹೆಚ್ಚು ವರ್ಷ ಬಾಳುತ್ತದೆ?’ ಎಂದು. ಹಾರ್ಡ್ ಡಿಸ್ಕೋ, ಎಸ್‌ಎಸ್‌ಡಿಯೋ, ಪೆನ್ ಡ್ರೈವೋ, ಡಿವಿಡಿಯೋ, ಕ್ಲೌಡೋ? ಪಾತ್ರೆ, ಫ್ಯಾನು, ಸೈಕಲ್ಲು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಯೇ ಇದು. ಕಡತಗಳ ಮಟ್ಟಿಗೆ ಮಾತ್ರ ಇದು ದಾರಿ ತಪ್ಪಿಸುತ್ತದೆ. ಇವುಗಳಲ್ಲಿ ಪ್ರತಿಯೊಂದೂ ಸಾಯುವಂಥದ್ದೇ, ಪ್ರತಿಯೊಂದಕ್ಕೂ ಸಾವು ಬರುವ ದಾರಿ ಬೇರೆ. ಆದ್ದರಿಂದ ಕೇಳಬೇಕಾದದ್ದು ಎರಡು: ಇದು ಯಾವ ಕಾರಣಕ್ಕೆ ಹಾಳಾಗುತ್ತದೆ? ಅದೇ ಕಾರಣಕ್ಕೆ ಹಾಳಾಗದ ಇನ್ನೊಂದು ಪ್ರತಿ ಎಲ್ಲಿದೆ? ಮಾಧ್ಯಮದ ಆಯ್ಕೆ ಈ ಪ್ರಶ್ನೆಗಳ ಉತ್ತರದಿಂದ ತಾನಾಗಿ ಹೊರಬರುತ್ತದೆ ಎಂಬುದು ಈ ಲೇಖನದ ವಾದ.

ಹಾರ್ಡ್ ಡಿಸ್ಕಿನಿಂದಲೇ ನೋಡೋಣ, ಏಕೆಂದರೆ ಒಂದು ಟಿಬಿಗೆ ಕೊಡುವ ಹಣದ ಲೆಕ್ಕದಲ್ಲಿ ಮನೆಬಳಕೆಗೆ ಇಂದಿಗೂ ಅಗ್ಗವಾಗಿರುವುದು ಅದೇ. ಐಬಿಎಂ ಸಂಸ್ಥೆ 1956ರಲ್ಲಿ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದವು, ಅವುಗಳಲ್ಲಿ ಒಟ್ಟು ಹಿಡಿಯುತ್ತಿದ್ದುದು ಸುಮಾರು 5 ಎಂಬಿ, ಅಂದರೆ ಇಂದಿನ ಮೊಬೈಲಿನ ಒಂದು ಫೋಟೊ. ಗಾತ್ರ ಕುಗ್ಗಿ ಸಾಮರ್ಥ್ಯ ಲಕ್ಷಾಂತರ ಪಟ್ಟು ಹೆಚ್ಚಿದರೂ ಒಳಗಿನ ತತ್ವ ಬದಲಾಗಿಲ್ಲ. ಕಾಂತೀಯ ಲೇಪನದ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಓದುವ ತಲೆ ಅದನ್ನು ಮುಟ್ಟದೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ಓಡುತ್ತಿರುವ ಡಿಸ್ಕ್ ಮೇಜಿನಿಂದ ಬಿದ್ದರೆ ಏನಾಗುತ್ತದೆ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ಬೀಳದಿದ್ದರೂ ಮೋಟಾರು ಸವೆಯುತ್ತದೆ, ಎಲೆಕ್ಟ್ರಾನಿಕ್ ಫಲಕ ಕೆಡುತ್ತದೆ. ಗೂಗಲ್‌ನ ಎಂಜಿನಿಯರುಗಳು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ವರ್ಷದ ಡಿಸ್ಕುಗಳಲ್ಲಿ ವರ್ಷಕ್ಕೆ ನೂರಕ್ಕೆ ಎರಡರಷ್ಟೂ ಕೆಡುತ್ತಿರಲಿಲ್ಲ, ಮೂರು ವರ್ಷದವುಗಳಲ್ಲಿ ಎಂಟಕ್ಕೂ ಹೆಚ್ಚು ಕೆಡುತ್ತಿದ್ದವು. ಇದಕ್ಕಿಂತ ಮುಖ್ಯವಾದ ಸಂಗತಿಯೂ ಅದರಲ್ಲಿದೆ. ಡಿಸ್ಕುಗಳು ತಮ್ಮ ಆರೋಗ್ಯವನ್ನು ತಾವೇ ಗಮನಿಸಿ ಎಚ್ಚರಿಸುವ ವ್ಯವಸ್ಥೆಯೊಂದನ್ನು ಹೊಂದಿರುತ್ತವೆ. ಕೆಟ್ಟ ಡಿಸ್ಕುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವು ಅಂಥ ಯಾವ ದೋಷಸೂಚನೆಯನ್ನೂ ಕೊಡದೆಯೇ ಕೆಟ್ಟಿದ್ದವು. ಶಬ್ದ ಬರಲು ಶುರುವಾದಾಗ ನಕಲು ಮಾಡಿಕೊಂಡರಾಯಿತು ಎಂದು ಕಾಯುವವರು ಈ ಅಂಕಿಯನ್ನು ನೆನಪಿಡಬೇಕು.

ಹಾಗಾದರೆ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಉತ್ತಮವಲ್ಲವೇ? ದಿನದ ಕೆಲಸಕ್ಕೆ ಖಂಡಿತ ಉತ್ತಮ. ವೇಗ ಹೆಚ್ಚು, ಬಿದ್ದರೂ ತಡೆದುಕೊಳ್ಳುತ್ತದೆ. ಆದರೆ ಬ್ಯಾಕಪ್ ಎಂಬುದು ಬೀರುವಿನಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂರುವ ವಸ್ತು. ಎಸ್‌ಎಸ್‌ಡಿ, ಪೆನ್ ಡ್ರೈವ್, ಮೆಮೊರಿ ಕಾರ್ಡ್ ಮೂರರಲ್ಲೂ ಇರುವುದು ಫ್ಲಾಶ್ ಮೆಮೊರಿ. ಅಲ್ಲಿ ಮಾಹಿತಿ ಎಂದರೆ ಅತಿ ಸಣ್ಣ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಂಶ, ಅದು ನಿಧಾನವಾಗಿ ಸೋರುತ್ತದೆ. ಬರೆದು ಅಳಿಸಿ ಬರೆದು ಸವೆದಷ್ಟೂ, ಸುತ್ತಲಿನ ಬಿಸಿ ಏರಿದಷ್ಟೂ ಸೋರಿಕೆ ಜೋರಾಗುತ್ತದೆ. ಈ ಉದ್ಯಮದ ಮಾನದಂಡಗಳನ್ನು ರೂಪಿಸುವ ಜೆಡೆಕ್ ಸಂಸ್ಥೆ ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಗೆ ಹಾಕಿರುವ ನಿಯಮ ಇದು: ಬರೆಯಬಹುದಾದ ಮಿತಿಯನ್ನೆಲ್ಲ ಬಳಸಿ ಮುಗಿಸಿದ ಡ್ರೈವನ್ನು ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕು. ಹೊಸ ಡ್ರೈವ್ ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಗಾಬರಿ ಬೇಡ. ಆದರೂ ಬೇಸಿಗೆಯಲ್ಲಿ ಪಾದರಸ 40 ದಾಟುವ ರಾಯಚೂರು, ಕಲಬುರಗಿಯ ಮನೆಯಲ್ಲಿ ಹಳೆಯ ಎಸ್‌ಎಸ್‌ಡಿಗೆ ಮದುವೆಯ ವಿಡಿಯೊ ತುಂಬಿ ಐದಾರು ವರ್ಷ ಮರೆತುಬಿಡುವುದು ಜಾಣತನವಾಗದು. ಪೆನ್ ಡ್ರೈವುಗಳ ವಿಷಯ ಇನ್ನೂ ಕಷ್ಟ. ಒಳಗೆ ಯಾವ ದರ್ಜೆಯ ಚಿಪ್ ಇದೆಯೆಂದು ಕೊಳ್ಳುವವರಿಗೆ ತಿಳಿಯುವುದೇ ಇಲ್ಲ. ಕಡಿಮೆ ಬೆಲೆಗೆ 2 ಟಿಬಿ ಎಂದು ಮಾರುವ ಕೆಲವುಗಳಲ್ಲಿ ನಿಜಕ್ಕೂ ಇರುವುದು ಅದರ ಅಲ್ಪಾಂಶ. ಕಂಪ್ಯೂಟರಿಗೆ ಸುಳ್ಳು ಗಾತ್ರ ತೋರಿಸಿ, ಜಾಗ ಮುಗಿದ ಮೇಲೂ ನಕಲಾಯಿತೆಂದು ಹೇಳುತ್ತಾ ಹೋಗುತ್ತವೆ. ಪೆನ್ ಡ್ರೈವ್ ಇರುವುದು ಕಡತವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಲು, ಅಷ್ಟಕ್ಕೇ ಅದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಬಾಳಿಕೆಯನ್ನೇ ನೆಚ್ಚುವವರು ಇಲ್ಲಿ ಒಂದು ಗಟ್ಟಿ ಆಕ್ಷೇಪ ಎತ್ತಬಹುದು. ಸಾಮಾನ್ಯ ಸಿಡಿ, ಡಿವಿಡಿಗಳಲ್ಲಿ ಬಣ್ಣದ ಪದರ ಬೆಳಕಿಗೆ ಬಿಸಿಗೆ ಮಾಸುವುದು ನಿಜ, ಆದರೆ ಕಲ್ಲಿನಂಥ ನಿರವಯವ ಪದರದಲ್ಲಿ ಕೊರೆಯುವ ಎಂ-ಡಿಸ್ಕ್ ಸಾವಿರ ವರ್ಷ ಉಳಿಯುತ್ತದೆ ಎಂದು ತಯಾರಕರು ಹೇಳುತ್ತಾರಲ್ಲ? ಪದರದ ಬಗ್ಗೆ ಅವರ ಮಾತನ್ನು ಒಪ್ಪಿಕೊಳ್ಳೋಣ. ಓದುವ ಯಂತ್ರದ ಗತಿಯೇನು? ಈಗ ಮಾರಾಟವಾಗುವ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತೂರಿಸುವ ಜಾಗವೇ ಅಪರೂಪ. ಸೋನಿ 2011ರಲ್ಲಿ ಜಪಾನಿನಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು, 2025ರ ಫೆಬ್ರವರಿಯಲ್ಲಿ ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನೂ ಮುಗಿಸಿತು. ಇದರ ಪರಿಣಾಮ ಹೇಗಿರುತ್ತದೆ ಎಂಬುದಕ್ಕೆ ಬ್ರಿಟನ್ನಿನ ಡೂಮ್ಸ್‌ಡೇ ಯೋಜನೆ ಸಾಕ್ಷಿ. 1086ರಲ್ಲಿ ಇಂಗ್ಲೆಂಡಿನ ಭೂಮಿ, ಒಡೆತನ, ಕಂದಾಯಗಳನ್ನು ದಾಖಲಿಸಿದ ಡೂಮ್ಸ್‌ಡೇ ಪುಸ್ತಕಕ್ಕೆ 900 ವರ್ಷ ತುಂಬಿದಾಗ, 1986ರಲ್ಲಿ, ಬಿಬಿಸಿ ಸಂಸ್ಥೆ ಇಡೀ ದೇಶದ ಜನಜೀವನವನ್ನು ಹತ್ತು ಲಕ್ಷ ಜನರ ನೆರವಿನಿಂದ ಲೇಸರ್ ಡಿಸ್ಕುಗಳಲ್ಲಿ ತುಂಬಿತು. ಅವನ್ನು ಓದಲು ಒಂದು ವಿಶೇಷ ಪ್ಲೇಯರ್, ಒಂದು ನಿರ್ದಿಷ್ಟ ಕಂಪ್ಯೂಟರ್ ಬೇಕಿತ್ತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಎರಡೂ ವಸ್ತುಸಂಗ್ರಹಾಲಯದ ಪದಾರ್ಥಗಳಾದವು, ಮಾಹಿತಿಯನ್ನು ಹೊರತೆಗೆಯಲು ವಿಶ್ವವಿದ್ಯಾಲಯಗಳ ಸಂಶೋಧಕರೇ ಶ್ರಮಪಡಬೇಕಾಯಿತು. ಚರ್ಮದ ಹಾಳೆಗಳ ಮೂಲ ಪುಸ್ತಕವಾದರೋ ಲಂಡನ್ನಿನ ಪತ್ರಾಗಾರದಲ್ಲಿ ಇಂದಿಗೂ ಓದಲು ಸಿಗುತ್ತದೆ. ಡಿಸ್ಕುಗಳ ಮೇಲಿನ ಮಾಹಿತಿ ಅಳಿಸಿಹೋಗಿರಲಿಲ್ಲ. ಅದನ್ನು ಓದಿಸುವ ಜಗತ್ತು ಅಷ್ಟರಲ್ಲಿ ಮುಂದೆ ಹೋಗಿತ್ತು.

ಕಾಂತೀಯ ಟೇಪಿನ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು, ಏಕೆಂದರೆ ಅದರ ಡ್ರೈವಿಗೆ ಲಕ್ಷಗಟ್ಟಲೆ ರೂಪಾಯಿ ಬೇಕು, ಮನೆಗೆ ಎಟುಕುವ ಮಾತಲ್ಲ. ಆದರೂ ದೊಡ್ಡ ಸಂಸ್ಥೆಗಳು ಅದನ್ನು ಬಿಟ್ಟಿಲ್ಲ. ಎಲ್‌ಟಿಒ ಒಂಬತ್ತನೇ ತಲೆಮಾರಿನ ಒಂದು ಕ್ಯಾಸೆಟ್ 18 ಟಿಬಿ ಹಿಡಿಯುತ್ತದೆ, ಬರೆದ ಮೇಲೆ ಅದನ್ನು ಯಂತ್ರದಿಂದ ತೆಗೆದು ಕಪಾಟಿನಲ್ಲಿ ಇಡಬಹುದು. 2011ರ ಫೆಬ್ರವರಿಯಲ್ಲಿ ತಂತ್ರಾಂಶದ ದೋಷವೊಂದರಿಂದ ಒಂದಷ್ಟು ಜಿಮೇಲ್ ಬಳಕೆದಾರರ ಅಂಚೆ ಖಾಲಿಯಾಯಿತು. ಗೂಗಲ್ ಬಳಿ ಅದರ ಪ್ರತಿಗಳು ಹಲವು ಕೇಂದ್ರಗಳಲ್ಲಿದ್ದವು, ದೋಷ ಅವನ್ನೆಲ್ಲ ಮುಟ್ಟಿತು. ಕೊನೆಗೆ ಪತ್ರಗಳು ಮರಳಿ ಬಂದದ್ದು ಟೇಪಿನಿಂದ. ಅಲ್ಲಿ ಕಾಪಾಡಿದ್ದು ಟೇಪಿನ ಆಯುಷ್ಯ ಎನ್ನುವುದಕ್ಕಿಂತ, ಜಾಲಕ್ಕೆ ಅಂಟಿಕೊಳ್ಳದೆ ಅದು ಬೇರೆಯಾಗಿ ಇದ್ದದ್ದು ಎನ್ನಬೇಕು.

ಬಾಳದ ಮಾಧ್ಯಮದ ಮೇಲೆ ಬಾಳಬೇಕಾದ್ದನ್ನು ಬರೆಯುವ ಕಷ್ಟ ಕನ್ನಡಕ್ಕೆ ಹೊಸದೇನಲ್ಲ. ತಾಳೆಗರಿಯನ್ನು ನಮ್ಮ ಮಳೆ, ತೇವ, ಹುಳು ಹೆಚ್ಚು ಕಾಲ ಬಿಡುವುದಿಲ್ಲ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ನಮಗೆ ದಕ್ಕಿರುವುದು ಅದನ್ನು ಮೊದಲು ಬರೆದ ಓಲೆಗಳಿಂದಲ್ಲ, ಎಷ್ಟೋ ತಲೆಮಾರಿನ ಲಿಪಿಕಾರರು ನಕಲು ಮಾಡುತ್ತ ಬಂದ ಪ್ರತಿಗಳಿಂದ. ಹತ್ತನೇ ಶತಮಾನದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬ ಪ್ರಸಿದ್ಧಿ ಇದೆ. ದಾನದ ದೃಷ್ಟಿಯಿಂದ ಅದನ್ನು ಕೊಂಡಾಡುತ್ತೇವೆ, ಅದು ಸರಿ. ಸಂರಕ್ಷಣೆಯ ದೃಷ್ಟಿಯಿಂದಲೂ ಅದಕ್ಕಿಂತ ಉತ್ತಮ ಉಪಾಯ ಇಂದಿನ ಎಂಜಿನಿಯರುಗಳಿಗೆ ತಿಳಿದಿಲ್ಲ. ಬೇರೆ ಬೇರೆ ಊರು, ಬೇರೆ ಬೇರೆ ಮನೆ, ಬಸದಿಗಳಲ್ಲಿ ಹರಡಿದ ಪ್ರತಿಗಳನ್ನು ಒಂದು ಬೆಂಕಿ, ಒಂದು ನೆರೆ, ಒಂದು ದಂಡಯಾತ್ರೆ ಮುಗಿಸಲಾರದು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಇತ್ತೀಚಿನ ದಶಕಗಳಲ್ಲಿ ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರದ ತಿರುಳೂ ಇದೇ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ.

ಇಲ್ಲಿ ಸಂಖ್ಯೆಗಿಂತ ಬಿಡಿಬಿಡಿಯಾಗಿರುವುದು ಹೆಚ್ಚು ಮುಖ್ಯ. ಹಡಗು ಸಾಗಣೆಯ ದೈತ್ಯ ಸಂಸ್ಥೆ ಮೇರ್ಸ್ಕ್‌ಗೆ 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ತಗುಲಿದಾಗ ಇದು ಕಣ್ಣಿಗೆ ಕಟ್ಟಿತು. ಸಂಸ್ಥೆಯ ಇಡೀ ಜಾಲದ ನಕ್ಷೆಯನ್ನು ಹಿಡಿದಿದ್ದ ನೂರೈವತ್ತರಷ್ಟು ಸರ್ವರ್‌ಗಳು ಜಗತ್ತಿನ ಎಲ್ಲೆಡೆ ಹರಡಿದ್ದವು, ಒಂದು ಇನ್ನೊಂದನ್ನು ನೋಡಿ ಸದಾ ನಕಲಿಸಿಕೊಳ್ಳುತ್ತಿದ್ದವು. ಒಂದು ಕೆಟ್ಟರೆ ಇನ್ನೊಂದು ಇದೆ ಎಂಬುದು ಲೆಕ್ಕಾಚಾರ. ಎಲ್ಲವೂ ಒಂದೇ ಹೊತ್ತಿಗೆ ಹೋದವು. ಆಫ್ರಿಕಾದ ಘಾನಾ ದೇಶದ ಕಚೇರಿಯಲ್ಲಿ ಮಾತ್ರ ಆ ಹೊತ್ತಿಗೆ ಕರೆಂಟ್ ಹೋಗಿತ್ತು, ಆರಿಹೋಗಿದ್ದ ಆ ಒಂದು ಯಂತ್ರ ಉಳಿದುಕೊಂಡಿತು. ಅದರ ಡಿಸ್ಕನ್ನು ಕೈಯಲ್ಲಿ ಹಿಡಿದು ವಿಮಾನದಲ್ಲಿ ಇಂಗ್ಲೆಂಡಿಗೆ ಒಯ್ದು ಸಂಸ್ಥೆಯನ್ನು ಮತ್ತೆ ಕಟ್ಟಿದರು. ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಜೋಡಿಸಿ ಎರಡಕ್ಕೂ ಒಟ್ಟಿಗೆ ಬರೆಯುವ ಏರ್ಪಾಡನ್ನು ಬ್ಯಾಕಪ್ ಎಂದು ನಂಬಿರುವ ಸಣ್ಣ ಕಚೇರಿಗಳು, ಸ್ಟುಡಿಯೊಗಳು ನಮ್ಮಲ್ಲೂ ಇವೆ. ಒಂದು ಡಿಸ್ಕ್ ಕೆಟ್ಟರೆ ಅದು ಕಾಪಾಡುತ್ತದೆ. ಕೈತಪ್ಪಿ ಅಳಿಸಿದರೆ, ವೈರಸ್ ಬಂದರೆ, ಸಿಡಿಲು ಬಡಿದರೆ, ಕಳ್ಳ ಪೆಟ್ಟಿಗೆಯನ್ನೇ ಹೊತ್ತೊಯ್ದರೆ ಎರಡೂ ಹೋಗುತ್ತವೆ. ಯುಎಸ್‌ಬಿ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿಗೆ ವರ್ಷವಿಡೀ ಚುಚ್ಚಿಟ್ಟವರ ಸ್ಥಿತಿಯೂ ಅದೇ. ಕಡತಗಳನ್ನು ಒತ್ತೆ ಹಿಡಿದು ಹಣ ಕೇಳುವ ತಂತ್ರಾಂಶಗಳು ಹೀಗೆ ಜೋಡಿಸಿಟ್ಟ ಡಿಸ್ಕುಗಳನ್ನೂ ಬಿಡುವುದಿಲ್ಲ. ನಕಲು ಮುಗಿದ ಕೂಡಲೇ ತಂತಿ ಕಳಚಿಡುವ ಸಣ್ಣ ಅಭ್ಯಾಸಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಕ್ಲೌಡ್ ಇರುವಾಗ ಇಷ್ಟೆಲ್ಲ ರಗಳೆ ಏಕೆ ಎಂಬ ಪ್ರಶ್ನೆ ಈಗ ಬರಲೇಬೇಕು. ಅದರಲ್ಲಿ ಹುರುಳೂ ಇದೆ. ದೊಡ್ಡ ಕ್ಲೌಡ್ ಕಂಪನಿ ನಮ್ಮ ಕಡತವನ್ನು ಹಲವು ಡಿಸ್ಕುಗಳಲ್ಲಿ ಇಡುತ್ತದೆ, ಕೆಟ್ಟದ್ದನ್ನು ತಾನೇ ಬದಲಿಸುತ್ತದೆ, ಯಾವ ಮನೆಯವರೂ ಅಷ್ಟು ಶ್ರದ್ಧೆಯಿಂದ ಮಾಡಲಾರರು. ಮನೆಗೆ ನೀರು ನುಗ್ಗಿದರೂ ಅಲ್ಲಿನ ಪ್ರತಿ ಉಳಿಯುತ್ತದೆ. ಹೊರಗಿನ ಪ್ರತಿಗೆ ಅದಕ್ಕಿಂತ ಸುಲಭದ ಜಾಗ ಸಿಗದು. ಆದರೆ ಅಲ್ಲಿ ಅಪಾಯದ ಬಗೆ ಬೇರೆ: ಖಾತೆಯೇ ಹೋಗುವುದು. ಪಾಸ್‌ವರ್ಡ್ ಕದಿಯಬಹುದು, ಹಣ ಕಟ್ಟುವುದು ನಿಲ್ಲಬಹುದು, ಮಾಲೀಕರು ತೀರಿಕೊಳ್ಳಬಹುದು. ಎರಡು ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಒಳಗಿನ ಫೋಟೊ, ಪತ್ರಗಳ ಸಮೇತ ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಕೇಂದ್ರ ಸುಟ್ಟಾಗ ಮೂಲ, ಬ್ಯಾಕಪ್ ಎರಡನ್ನೂ ಅಲ್ಲೇ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಇದಕ್ಕೆ ಎದುರಾದ ಉದಾಹರಣೆ ಆಸ್ಟ್ರೇಲಿಯದ ಯುನಿಸೂಪರ್ ಎಂಬ ನಿವೃತ್ತಿ ನಿಧಿಯದು. 2024ರ ಮೇ ತಿಂಗಳಲ್ಲಿ ಗೂಗಲ್ ಕ್ಲೌಡ್‌ನ ಕಡೆಯ ತಪ್ಪಿನಿಂದ ಅಲ್ಲಿದ್ದ ಅದರ ಖಾಸಗಿ ಕ್ಲೌಡ್ ಅಳಿಸಿಹೋಯಿತು. ಬೇರೊಂದು ಕಂಪನಿಯ ಬಳಿಯೂ ಪ್ರತಿ ಇಟ್ಟಿದ್ದರಿಂದ ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ಲೆಕ್ಕ ಉಳಿಯಿತು. ಇನ್ನು ಫೋನಿನ ಫೋಟೊಗಳು ತಾವಾಗಿ ಕ್ಲೌಡ್‌ಗೆ ಏರುವುದನ್ನು ಬ್ಯಾಕಪ್ ಎಂದು ಎಣಿಸುವವರು ಗಮನಿಸಬೇಕಾದ್ದು, ಅಂಥ ಹೊಂದಾಣಿಕೆಯಲ್ಲಿ ಫೋನಿನಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಕಸದಬುಟ್ಟಿಯಲ್ಲಿ ಕೆಲವು ವಾರ ಇರುತ್ತದೆ, ಅಷ್ಟರೊಳಗೆ ತಪ್ಪು ಗೊತ್ತಾಗದಿದ್ದರೆ ಮುಗಿಯಿತು.

ಮೂರು ಪ್ರತಿ ಇಡುವುದು ಉಳ್ಳವರ ಮಾತು, ಸಾಮಾನ್ಯರಿಗೆ ಅಷ್ಟು ದುಡ್ಡೂ ಬಿಡುವೂ ಎಲ್ಲಿಂದ ಎಂಬ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕಲಾಗದು. ಕೊರಿಯಾದ ಅಧಿಕಾರಿಗಳು ಹೇಳಿದ್ದೂ ಒಂದು ರೀತಿಯಲ್ಲಿ ಇದನ್ನೇ. ಇದಕ್ಕೆ ಉತ್ತರ ವಿಂಗಡಣೆಯಲ್ಲಿದೆ. ಕಂಪ್ಯೂಟರಿನಲ್ಲಿ ಇರುವುದೆಲ್ಲ ಉಳಿಯಬೇಕಾದ್ದಲ್ಲ. ಸಿನಿಮಾ, ಹಾಡು, ತಂತ್ರಾಂಶ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಶುಭಾಶಯದ ಚಿತ್ರಗಳನ್ನು ಬೇಕೆಂದರೆ ಮತ್ತೆ ಪಡೆಯಬಹುದು ಅಥವಾ ಬಿಟ್ಟುಬಿಡಬಹುದು. ಮತ್ತೆ ಸಿಗಲಾರದ್ದು ಅಳತೆಯಲ್ಲಿ ಸಣ್ಣದು. ಒಂದು ಫೋಟೊ 4 ಎಂಬಿ ಎಂದುಕೊಂಡರೆ ಆರಿಸಿದ ಹತ್ತು ಸಾವಿರ ಫೋಟೊ ಸೇರಿ 40 ಜಿಬಿ. ಕ್ರಯಪತ್ರ, ಅಂಕಪಟ್ಟಿ, ವೈದ್ಯಕೀಯ ವರದಿಗಳ ಸ್ಕ್ಯಾನ್, ಒಬ್ಬ ಲೇಖಕರ ಜೀವಮಾನದ ಬರಹ ಎಲ್ಲ ಸೇರಿದರೂ ಕೆಲವೇ ಜಿಬಿ. ಇಷ್ಟಕ್ಕೆ ಹೆಸರುವಾಸಿ ಕಂಪನಿಯ 1 ಟಿಬಿಯ ಎರಡು ಪೋರ್ಟಬಲ್ ಹಾರ್ಡ್ ಡಿಸ್ಕ್ ಧಾರಾಳ ಸಾಕು. ಎರಡೂ ಒಂದೇ ದಿನ, ಒಂದೇ ಅಂಗಡಿಯ, ಒಂದೇ ಮಾದರಿಯವಾಗದಿದ್ದರೆ ಒಳ್ಳೆಯದು, ಒಂದೇ ಕಂತಿನ ಡಿಸ್ಕುಗಳು ಒಂದೇ ದೋಷವನ್ನು ಹೊತ್ತು ಬರಬಹುದು. ಒಂದು ಮನೆಯಲ್ಲಿರಲಿ, ಇನ್ನೊಂದು ಊರಿನಲ್ಲಿರುವ ಅಣ್ಣನ ಮನೆಯಲ್ಲೋ ತವರಿನಲ್ಲೋ ಇರಲಿ, ಹಬ್ಬಕ್ಕೆ ಹೋದಾಗ ಅದಕ್ಕೆ ಹೊಸದನ್ನು ಸೇರಿಸಬಹುದು. ತೀರಾ ಮುಖ್ಯವಾದ ಕಾಗದಪತ್ರಗಳು ಮಾತ್ರ ಕ್ಲೌಡ್‌ನಲ್ಲಿರಲಿ, ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯೊಳಗೇ ಅದು ಮುಗಿಯುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಿಸ್ಕ್ ಇಡಬೇಕು. ಬೇರೆಯವರ ಮನೆಯಲ್ಲಿ ಖಾಸಗಿ ಕಡತ ಇಡಲು ಮುಜುಗರವಾದರೆ ಡಿಸ್ಕಿಗೆ ಗೂಢಲಿಪಿಯ ರಕ್ಷಣೆ ಹಾಕುವ ಸೌಲಭ್ಯ ಇದೆ. ಆದರೆ ಆ ಪಾಸ್‌ವರ್ಡ್ ಮರೆತರೆ ತಯಾರಕರೂ ತೆರೆಯಲಾರರು, ಅದನ್ನು ಕಾಗದದಲ್ಲಿ ಬರೆದು ಮನೆಯ ಮತ್ತೊಬ್ಬರಿಗೆ ತಿಳಿದಿರುವ ಜಾಗದಲ್ಲಿ ಇಡಲೇಬೇಕು.

ಇಷ್ಟು ಮಾಡಿದರೂ ಒಂದು ಕೊರತೆ ಉಳಿಯುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ತಪ್ಪು ಸರ್ವರ್‌ನಲ್ಲಿ ಅಳಿಸುವ ಆಜ್ಞೆ ಕೊಟ್ಟು ಸುಮಾರು 300 ಜಿಬಿ ದತ್ತಾಂಶ ಕಳೆದರು. ಬ್ಯಾಕಪ್‌ಗೆಂದು ಸಂಸ್ಥೆಯಲ್ಲಿ ಐದು ಏರ್ಪಾಡುಗಳಿದ್ದವು. ನೋಡಿದರೆ ಒಂದೂ ನೆಚ್ಚುವಂತಿರಲಿಲ್ಲ. ಒಂದು ಏರ್ಪಾಡು ತಂತ್ರಾಂಶದ ಆವೃತ್ತಿ ಹೊಂದದೆ ನಿಂತುಹೋಗಿತ್ತು, ನಿಂತದ್ದನ್ನು ತಿಳಿಸುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ನಕಲು ಅವರನ್ನು ಉಳಿಸಿತು. ವೃತ್ತಿಪರರಲ್ಲೇ ಹೀಗಿರುವಾಗ, ವರ್ಷಕ್ಕೆರಡು ಬಾರಿ ಡಿಸ್ಕನ್ನು ಜೋಡಿಸಿ, ಬೇರೆ ಬೇರೆ ಫೋಲ್ಡರುಗಳಿಂದ ನಾಲ್ಕಾರು ಕಡತ ತೆರೆದು ನೋಡದ ಹೊರತು ನಮ್ಮ ಬಳಿ ಪ್ರತಿ ಇದೆ ಎನ್ನುವಂತಿಲ್ಲ.

ಕನ್ನಡಿಗರಿಗೆ ಈ ಪರೀಕ್ಷೆಯಲ್ಲಿ ಇನ್ನೊಂದು ಕೆಲಸ ಹೆಚ್ಚಿಗೆ ಇದೆ. ತೊಂಬತ್ತರ ದಶಕದಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಡಿಟಿಪಿ ಕೇಂದ್ರಗಳಲ್ಲಿ, ಪತ್ರಿಕಾಲಯಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ರಾಶಿ ರಾಶಿ ಬರಹ ಸಿದ್ಧವಾಗಿದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಡಿಸ್ಕ್ ಹೊಚ್ಚ ಹೊಸದು, ಪ್ರತಿಗಳು ಮೂರು, ಒಂದು ಬೈಟೂ ಕಳೆದಿಲ್ಲ, ಆದರೂ ಪುಸ್ತಕ ಓದಲಾಗುವುದಿಲ್ಲ. ಪೇಜ್‌ಮೇಕರ್‌ನಲ್ಲಿ ಜೋಡಿಸಿದ ಪುಟಗಳಿಗೆ ಆ ತಂತ್ರಾಂಶವೇ ಸಿಗುವುದು ಕಷ್ಟವಾಗಿದೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಈಗ ಉಚಿತವಾಗಿ ಸಿಗುತ್ತವೆ, ಒತ್ತಕ್ಷರ, ಅರ್ಕಾವೊತ್ತುಗಳಲ್ಲಿ ಅಲ್ಲಲ್ಲಿ ತಪ್ಪುತ್ತವೆ, ಒಮ್ಮೆ ಕೂತು ತಿದ್ದಬೇಕು. ಬರೆದವರು, ಅಕ್ಷರ ಜೋಡಿಸಿದವರು ಜೊತೆಗಿರುವಾಗಲೇ ಇದು ಮುಗಿಯುವುದು ಒಳ್ಳೆಯದು. ಬದಲಿಸಿದ ಪಠ್ಯದ ಪಕ್ಕದಲ್ಲಿ ಪುಟದ ರೂಪ ಹಾಗೇ ಕಾಣುವ ಪಿಡಿಎಫ್, ಮೂಲ ಕಡತ, ಅದಕ್ಕೆ ಬೇಕಾದ ಫಾಂಟ್ ನಾಲ್ಕನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಎಲ್ಲ ಪ್ರತಿಗಳಿಗೂ ಸೇರಿಸಬೇಕು. ಡಿಸ್ಕಿನ ಬೆನ್ನ ಮೇಲೆ ಕೊಂಡ ತಿಂಗಳು, ವರ್ಷವನ್ನು ಮಾರ್ಕರ್‌ನಲ್ಲಿ ಬರೆದಿಟ್ಟರೆ ಐದನೇ ವರ್ಷಕ್ಕೆ ಹೊಸದೊಂದನ್ನು ಕೊಂಡು ಎಲ್ಲವನ್ನೂ ಅದಕ್ಕೆ ನಕಲಿಸಲು ನೆನಪಾಗುತ್ತದೆ. ಹಳೆಯದು ಇನ್ನೂ ಓಡುತ್ತಿದ್ದರೆ ಎಸೆಯಬೇಕಾಗಿಲ್ಲ, ನಾಲ್ಕನೇ ಪ್ರತಿಯಾಗಿ ಬೇರೊಂದು ಮನೆಯಲ್ಲಿ ಇರಲಿ.